ಬೆಳಕಿನ ಕಿವಿ ಹಿಂಡಿದವರು

ಲೇಸರ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಒಂದು ಕೆಂಪು ಚುಕ್ಕೆ. ಮೀಟಿಂಗಿನಲ್ಲಿ ಮ್ಯಾನೇಜರ್ ಮಹಾಶಯರು ಗೋಡೆ ಮೇಲೆ ಓಡಾಡಿಸುತ್ತಾರಲ್ಲ, ಅದೇ :-) ಅಂಗಡಿಯಿಂದ ತಂದ ದಿನ ಕೆಂಪಗಿತ್ತು, ಸೆಲ್ ಸಾಯುವ ದಿನದವರೆಗೂ ಕೆಂಪಗೇ ಇರುತ್ತೆ. ಸ್ವಲ್ಪ ಕಿತ್ತಳೆ ಮಾಡೋಣ, ಸ್ವಲ್ಪ ಹಸಿರು ಮಾಡೋಣ ಅಂದರೆ ಅದಕ್ಕೆ ಕಿವಿಯೇ ಇಲ್ಲ. ಕಿವಿ ಅಂದೆನಲ್ಲ, ಹಳೇ ರೇಡಿಯೋದ ಟ್ಯೂನಿಂಗ್ ಗುಂಡಿಗೆ ನಮ್ಮ ಕಡೆ ಹಾಗೇ ಅನ್ನೋದು. "ಸ್ವಲ್ಪ ಅದರ ಕಿವಿ ಹಿಂಡು ಮಾರಾಯ, ಧಾರವಾಡ ಸಿಗುತ್ತೆ" ಅಂತ.

ಲೇಸರಿಗೆ ಕಿವಿ ಇಲ್ಲದಿರೋದಕ್ಕೆ ಕಾರಣ ಇದೆ. ಅಲ್ಲಿ ಬೆಳಕು ಹುಟ್ಟೋದು ಪರಮಾಣುವಿನ ಒಳಗೆ. ಎಲೆಕ್ಟ್ರಾನು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿದಾಗ, ಆ ಎರಡು ಮೆಟ್ಟಿಲುಗಳ ನಡುವಿನ ಎತ್ತರ ಎಷ್ಟೋ ಅಷ್ಟೇ ಶಕ್ತಿಯ ಬೆಳಕು ಹೊರಗೆ ಬರುತ್ತೆ. ಮೆಟ್ಟಿಲು ಕಟ್ಟಿದವರು ನಾವಲ್ಲವಲ್ಲ, ಹಾಗಾಗಿ ಎತ್ತರ ಬದಲಾಯಿಸೋಕೆ ನಮಗೆ ಅಧಿಕಾರ ಇಲ್ಲ. 1960ರಲ್ಲಿ ಥಿಯೋಡರ್ ಮೈಮನ್ ಮಾಡಿದ ಮೊಟ್ಟಮೊದಲ ಲೇಸರ್ ರೂಬಿಯದು, ಅಂದರೆ ನಮ್ಮ ಮಾಣಿಕ್ಯದ್ದು. ಅದರ ತರಂಗದೂರ 694.3 ನ್ಯಾನೋಮೀಟರ್. ಕಾಲೇಜು ಲ್ಯಾಬಿನಲ್ಲಿ ನಾವೆಲ್ಲ ನೋಡಿದ ಹೀಲಿಯಂ-ನಿಯಾನ್ ಲೇಸರಿನದು 632.8. ಕಾರ್ಖಾನೆಗಳಲ್ಲಿ ಉಕ್ಕು ಕತ್ತರಿಸುವ ಕಾರ್ಬನ್ ಡೈ ಆಕ್ಸೈಡ್ ಲೇಸರಿನದು 10.6 ಮೈಕ್ರೋಮೀಟರ್. 1966ರಲ್ಲಿ ಡೈ ಲೇಸರ್ ಬಂದ ಮೇಲೆ ಬಣ್ಣದ ದ್ರಾವಣ ಬದಲಾಯಿಸುತ್ತ ಒಂದಷ್ಟು ಆಚೀಚೆ ಸರಿಯೋದು ಸಾಧ್ಯವಾಯಿತು ನಿಜ. ಆದರೂ ಅದು ಕಣ್ಣಿಗೆ ಕಾಣುವ ಬೆಳಕು ಮತ್ತು ಅದರ ಅಕ್ಕಪಕ್ಕದ ಮಾತಾಯಿತು. ದೂರದ ಅವಕೆಂಪಿನಿಂದ ಎಕ್ಸ್-ರೇ ತನಕ ಒಂದೇ ತತ್ವದಲ್ಲಿ ಎಳೆದುಕೊಂಡು ಹೋಗೋ ಲೇಸರ್ ಬೇಕು ಅಂದರೆ ಪರಮಾಣುವಿನ ಮನೆಯಿಂದಲೇ ಎಲೆಕ್ಟ್ರಾನನ್ನು ಹೊರಗೆ ಕರೆದುಕೊಂಡು ಬರಬೇಕು.

ಹಾಗೆ ಹೊರಗೆ ಬಂದ ಎಲೆಕ್ಟ್ರಾನಿನಿಂದ ಕೆಲಸ ಮಾಡುವ ಯಂತ್ರವೇ ಮುಕ್ತ ಎಲೆಕ್ಟ್ರಾನ್ ಲೇಸರ್. ಇದರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತೆ. ಬಂದಾಗಲೆಲ್ಲ ಎಷ್ಟು ಕಿಲೋಮೀಟರ್ ಉದ್ದದ ಸುರಂಗ, ಎಷ್ಟು ಕೋಟಿ ಪಟ್ಟು ಪ್ರಖರ ಅನ್ನೋ ಲೆಕ್ಕವೇ ಜಾಸ್ತಿ. ನನಗೆ ಇದರ ಚರಿತ್ರೆಯಲ್ಲಿ ಹಿಡಿಸಿದ್ದು ಬೇರೆ ಒಂದು ಎಳೆ. ಕಿವಿ ಎಲ್ಲಿ ಇಡಬೇಕು, ಅದು ಯಾರ ಕೈಯಲ್ಲಿ ಇರಬೇಕು ಅನ್ನೋ ಜಗಳ. ಅದನ್ನೇ ಇಲ್ಲಿ ಬರೀತೀನಿ. (ತರಂಗದೂರಕ್ಕೆ ಕೆಲವರು ತರಂಗಾಂತರ ಅಂತ ಬಳಸುತ್ತಾರೆ. 2ಜಿ ಹಗರಣದ ಕಾಲದಿಂದ ಆ ಪದ ಕೇಳಿದರೆ ನನಗೆ ಬರೀ ಹರಾಜು ನೆನಪಾಗುತ್ತೆ, ಅದಕ್ಕೇ ಶಾಲೆಯ ಪುಸ್ತಕದ ಪದವನ್ನೇ ಇಟ್ಟುಕೊಂಡಿದ್ದೀನಿ.)

ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ನೋಡಿಬಿಡೋಣ, ಗಣಿತಕ್ಕೆ ಹೆದರಬೇಡಿ. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗಕ್ಕೆ ಹತ್ತಿರ ಹತ್ತಿರ ಓಡಿಸಿ, ಅಯಸ್ಕಾಂತಗಳ ಒಂದು ಓಣಿಯೊಳಗೆ ಬಿಡುತ್ತಾರೆ. ಓಣಿಯ ಮೇಲೂ ಕೆಳಗೂ ಅಯಸ್ಕಾಂತಗಳ ಸಾಲು. ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಸರದಿ. ಎಲೆಕ್ಟ್ರಾನು ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ಬಳುಕುತ್ತ ಹೋಗುತ್ತೆ. ಈ ಓಣಿಗೆ ಅಂಡ್ಯುಲೇಟರ್ ಅಂತ ಹೆಸರು. ಬಳುಕಿದಾಗಲೆಲ್ಲ ಎಲೆಕ್ಟ್ರಾನು ಬೆಳಕು ಸೂಸುತ್ತೆ.

ಈಗ ಆಗುಂಬೆ ಘಾಟಿಯನ್ನು ನೆನಪಿಸಿಕೊಳ್ಳಿ. ಬಸ್ಸು ತಿರುವು ತಿರುವು ಹಾಕಿಕೊಂಡು ಇಳೀತಿದೆ, ಹಕ್ಕಿಯೊಂದು ಅದೇ ದಾರಿಯ ಮೇಲೆ ನೇರವಾಗಿ ಹಾರ್ತಿದೆ. ಬಸ್ಸು ಎಲೆಕ್ಟ್ರಾನು, ಹಕ್ಕಿ ಬೆಳಕು. ಪ್ರತಿಯೊಂದು ಜೋಡಿ ತಿರುವು ಮುಗಿಯುವಷ್ಟರಲ್ಲಿ ಹಕ್ಕಿ ಬಸ್ಸಿಗಿಂತ ಒಂದಿಷ್ಟು ಮುಂದೆ ಹೋಗಿರುತ್ತೆ. ಆ "ಒಂದಿಷ್ಟು" ಯಾವ ಬೆಳಕಿನ ಒಂದು ಅಲೆಯ ಉದ್ದಕ್ಕೆ ಸರಿಯಾಗಿ ಕೂರುತ್ತೋ, ಆ ಬೆಳಕು ಮಾತ್ರ ಪ್ರತಿ ತಿರುವಿನಲ್ಲೂ ಎಲೆಕ್ಟ್ರಾನಿಗೆ ಅದೇ ಭಂಗಿಯಲ್ಲಿ ಸಿಗುತ್ತೆ. ಎಲೆಕ್ಟ್ರಾನು ತನ್ನ ಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಕೊಡುತ್ತ ಹೋಗುತ್ತೆ. ಮಿಕ್ಕ ಅಲೆಗಳು ಒಮ್ಮೆ ತೆಗೆದುಕೊಂಡಿದ್ದನ್ನು ಮುಂದಿನ ತಿರುವಿನಲ್ಲಿ ವಾಪಸ್ ಕೊಟ್ಟು ಲೆಕ್ಕ ಸೊನ್ನೆ ಮಾಡಿಕೊಳ್ಳುತ್ತವೆ.

ಎರಡು ಕಿವಿಗಳೂ ಇದರಲ್ಲೇ ಕಾಣುತ್ತವೆ ನೋಡಿ. ಬಸ್ಸು ಜೋರಾಗಿ ಓಡಿದರೆ ಹಿಂದೆ ಬೀಳೋದು ಕಡಿಮೆ, ಅಂದರೆ ತರಂಗದೂರ ಸಣ್ಣದು. ತಿರುವುಗಳು ಹೆಚ್ಚು ಡೊಂಕಾದರೆ ದಾರಿ ಉದ್ದ, ಹಿಂದೆ ಬೀಳೋದು ಜಾಸ್ತಿ, ತರಂಗದೂರ ದೊಡ್ಡದು. ಮೊದಲನೆಯದು ಎಲೆಕ್ಟ್ರಾನಿನ ಶಕ್ತಿ. ಎರಡನೆಯದು ಅಯಸ್ಕಾಂತದ ಬಲ. ಶಕ್ತಿಯ ವಿಷಯದಲ್ಲಿ ಲೆಕ್ಕ ವರ್ಗದಲ್ಲಿ ನಡೆಯುತ್ತೆ: ಶಕ್ತಿ ಎರಡು ಪಟ್ಟು ಮಾಡಿದರೆ ತರಂಗದೂರ ನಾಲ್ಕನೇ ಒಂದು ಭಾಗ.

ಬಳುಕುವ ಎಲೆಕ್ಟ್ರಾನಿನ ಬೆಳಕಿನ ಬಗ್ಗೆ ಸೋವಿಯತ್ ಒಕ್ಕೂಟದ ವಿಟಾಲಿ ಗಿಂಜ್‌ಬರ್ಗ್ 1947ರಲ್ಲೇ ಬರೆದಿದ್ದರು. ಇವರಿಗೆ ನೊಬೆಲ್ ಬಂದಿದ್ದು 2003ರಲ್ಲಿ, ಅದೂ ಬೇರೆ ಕೆಲಸಕ್ಕೆ. ಅಂಡ್ಯುಲೇಟರ್ ಅನ್ನೋ ಹೆಸರು ಹಾನ್ಸ್ ಮೋಟ್ಜ್ ಅವರಿಂದ ಬಂದಿದ್ದು. ಇವರು 1951ರಲ್ಲಿ ಲೆಕ್ಕ ಬರೆದು, 1953ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಜೊತೆಗಾರರ ಜೊತೆ ಪ್ರಯೋಗವನ್ನೂ ಮಾಡಿದರು. ಸುಮಾರು 100 ಎಂಇವಿ ಶಕ್ತಿಯ ಎಲೆಕ್ಟ್ರಾನುಗಳು, ಕಣ್ಣಿಗೆ ಕಾಣುವ ಬೆಳಕು. ಆದರೆ ಅದು ಲೇಸರ್ ಅಲ್ಲ, ಎಲೆಕ್ಟ್ರಾನುಗಳು ಸಂತೆಯಲ್ಲಿ ಕೂಗಿದ ಹಾಗೆ ಒಬ್ಬೊಬ್ಬರೂ ತಮ್ಮ ಪಾಡಿಗೆ ಬೆಳಕು ಸೂಸುತ್ತಿದ್ದವು. 1957ರಲ್ಲಿ ಪಾಲೋ ಆಲ್ಟೋದ ಜನರಲ್ ಎಲೆಕ್ಟ್ರಿಕ್ ಮೈಕ್ರೋವೇವ್ ಲ್ಯಾಬಿನಲ್ಲಿ ರಾಬರ್ಟ್ ಫಿಲಿಪ್ಸ್ ಯೂಬಿಟ್ರಾನ್ ಅನ್ನೋ ಕೊಳವೆ ಮಾಡಿದರು. ಬಳುಕುವ ಎಲೆಕ್ಟ್ರಾನುಗಳನ್ನು ಒಂದೇ ತಾಳಕ್ಕೆ ತಂದು ಮೈಕ್ರೋವೇವ್ ವರ್ಧಿಸುವ ಸಾಧನ ಅದು. ಇವತ್ತಿನ ಕಣ್ಣಲ್ಲಿ ನೋಡಿದರೆ ಮುಕ್ತ ಎಲೆಕ್ಟ್ರಾನ್ ಲೇಸರಿನ ಅಣ್ಣನೇ. ಆದರೆ ಬೆಳಕಿನ ಜನ ರೇಡಿಯೋ ಕೊಳವೆಯವರ ಪೇಪರ್ ಓದೋದಿಲ್ಲ, ಅವರು ಇವರದ್ದನ್ನು ಓದೋದಿಲ್ಲ. ಒಂದೇ ಆಫೀಸಿನ ಎರಡು ಟೀಮು ಒಂದೇ ಕೋಡನ್ನು ಬೇರೆ ಬೇರೆ ಹೆಸರಲ್ಲಿ ಬರೆದ ಹಾಗೆ. ಯೂಬಿಟ್ರಾನ್ ಹಾಗೇ ಕಪಾಟು ಸೇರಿತು.

ಈಗ ಕಥಾನಾಯಕರು ಬರುತ್ತಾರೆ. ಜಾನ್ ಮೇಡಿ, ಹುಟ್ಟಿದ್ದು 1943ರಲ್ಲಿ, ಬೆಳೆದದ್ದು ನ್ಯೂ ಜೆರ್ಸಿಯ ಕ್ಲಾರ್ಕ್ ಅನ್ನೋ ಊರಲ್ಲಿ. ಅಣ್ಣ ಜೂಲ್ಸ್ ಹ್ಯಾಮ್ ರೇಡಿಯೋ ಹುಚ್ಚಿನವರು, ಸ್ಟೇಶನ್ನಿನ ಸಂಕೇತ ಕೆ2ಕೆಜಿಜೆ. 1957-58 ಅಂತಾರಾಷ್ಟ್ರೀಯ ಭೂಭೌತ ವರ್ಷ. ಅಂಟಾರ್ಕ್ಟಿಕದಲ್ಲಿ ವಿಜ್ಞಾನಿಗಳೂ ನೌಕಾಪಡೆಯವರೂ ಚಳಿಗಾಲ ಕಳೀತಿದ್ದರು. ಅವರಿಗೆ ಮನೆಯವರ ಜೊತೆ ಮಾತಾಡಲು ಇದ್ದ ದಾರಿ ಹ್ಯಾಮ್ ರೇಡಿಯೋ. ಅಲ್ಲಿಂದ ಬಂದ ಸದ್ದನ್ನು ಈ ಹುಡುಗರು ಹಿಡಿದು ಟೆಲಿಫೋನ್ ತಂತಿಗೆ ಜೋಡಿಸಿ ಹೆಂಡತಿ ಮಕ್ಕಳಿಗೆ ತಲುಪಿಸುತ್ತಿದ್ದರು. ಒಂದೆರಡಲ್ಲ, ಸಾವಿರಾರು ಕರೆ. ಅಂಟಾರ್ಕ್ಟಿಕದ ಒಂದು ಬೆಟ್ಟದ ಸಾಲಿಗೆ ಇವತ್ತಿಗೂ ಮೇಡಿ ರಿಜ್ ಅಂತಲೇ ಹೆಸರು, ಜೂಲ್ಸ್ ನೆನಪಿಗೆ ಇಟ್ಟಿದ್ದು. ಗರಗರ ಸದ್ದಿನ ನಡುವೆ ಬೇಕಾದ ಒಂದೇ ದನಿಗೆ ಕಿವಿ ಹಿಂಡಿ ಹಿಂಡಿ ಅಭ್ಯಾಸವಾದ ಹುಡುಗ ದೊಡ್ಡವನಾದ ಮೇಲೆ ಲೇಸರ್ ನೋಡಿ "ಇದಕ್ಕೆ ಯಾಕೆ ಕಿವಿ ಇಲ್ಲ" ಅಂದಿದ್ದರೆ ಆಶ್ಚರ್ಯ ಇಲ್ಲ. ಅವರು ಹಾಗೆ ಅಂದರು ಅಂತ ನಾನು ಹೇಳ್ತಿಲ್ಲ ಮತ್ತೆ, ಇದು ನನ್ನ ಊಹೆ ಅಷ್ಟೇ.

ಕ್ಯಾಲ್‌ಟೆಕ್‌ನಲ್ಲಿ ಓದಿ ಸ್ಟ್ಯಾನ್‌ಫರ್ಡಿಗೆ ಬಂದ ಮೇಡಿ 1971ರಲ್ಲಿ ಒಂದು ಪ್ರಬಂಧ ಬರೆದರು. ಅಂಡ್ಯುಲೇಟರಿನ ಒಳಗೆ ಬಳುಕುವ ಎಲೆಕ್ಟ್ರಾನುಗಳಿಂದ ಪ್ರಚೋದಿತ ಉತ್ಸರ್ಜನೆ ಸಾಧ್ಯ, ಅಂದರೆ ನಿಜವಾದ ಲೇಸರ್ ಸಾಧ್ಯ ಅಂತ. ಲೆಕ್ಕ ಮಾಡಿದ್ದು ಕ್ವಾಂಟಂ ಸಿದ್ಧಾಂತದಲ್ಲಿ. ಕೊನೆಗೆ ಬಂದ ಸೂತ್ರದಲ್ಲಿ ಪ್ಲಾಂಕ್ ಸ್ಥಿರಾಂಕವೇ ಮಾಯ! ಕ್ವಾಂಟಂ ಬಾಗಿಲಿನಿಂದ ಒಳಗೆ ಹೋಗಿ ಹಿತ್ತಲಲ್ಲಿ ನ್ಯೂಟನ್, ಮ್ಯಾಕ್ಸ್‌ವೆಲ್ ಮನೆಗೆ ಬಂದು ನಿಂತ ಹಾಗೆ. ಹಾಗಾದರೆ ಇದು ಲೇಸರ್ರೋ ಅಥವಾ ದೊಡ್ಡ ಸೈಜಿನ ರೇಡಿಯೋ ವಾಲ್ವೋ ಅಂತ ಆಮೇಲೆ ಸಾಕಷ್ಟು ಚರ್ಚೆ ನಡೀತು. ಹೆಸರಿಗಷ್ಟೇ ಜಗಳ, ಕೆಲಸಕ್ಕೆ ತೊಂದರೆ ಆಗಲಿಲ್ಲ.

1976ರಲ್ಲಿ ಮೇಡಿ ಮತ್ತು ಗೆಳೆಯರು ಸ್ಟ್ಯಾನ್‌ಫರ್ಡಿನ ಸೂಪರ್‌ಕಂಡಕ್ಟಿಂಗ್ ಆಕ್ಸಿಲರೇಟರಿನಲ್ಲಿ ಅದನ್ನು ತೋರಿಸಿದರು. ತಿರುಗಣೆಯ ಹಾಗೆ ಸುತ್ತಿದ 5.2 ಮೀಟರ್ ಉದ್ದದ ಸೂಪರ್‌ಕಂಡಕ್ಟಿಂಗ್ ಅಂಡ್ಯುಲೇಟರ್, ಪ್ರತಿ 3.2 ಸೆಂಟಿಮೀಟರಿಗೆ ಒಂದು ಸುತ್ತು. ಎಲೆಕ್ಟ್ರಾನಿನ ಶಕ್ತಿ 24 ಎಂಇವಿ. ಅದರ ಮೂಲಕ ಕಾರ್ಬನ್ ಡೈ ಆಕ್ಸೈಡ್ ಲೇಸರಿನ 10.6 ಮೈಕ್ರೋಮೀಟರ್ ಬೆಳಕು ಕಳಿಸಿದರೆ ಒಂದೇ ಓಟದಲ್ಲಿ 7% ಹೆಚ್ಚಾಗಿ ಹೊರಗೆ ಬಂತು. ಮರುವರ್ಷ 1977ರಲ್ಲಿ ಎರಡೂ ಕಡೆ ಕನ್ನಡಿ ಇಟ್ಟು, 12.7 ಮೀಟರ್ ದೂರದ ಆ ಕನ್ನಡಿಗಳ ನಡುವೆ ಬೆಳಕನ್ನು ಓಡಾಡಿಸಿ ಯಾರ ಹಂಗೂ ಇಲ್ಲದೆ ತಾನೇ ಹುಟ್ಟುವ ಲೇಸರ್ ಮಾಡಿದರು. ಇದರ ತರಂಗದೂರ 3.4 ಮೈಕ್ರೋಮೀಟರ್, ಎಲೆಕ್ಟ್ರಾನಿನ ಶಕ್ತಿ 43 ಎಂಇವಿ.

ಈ ಎರಡು ಸಾಲಿನ ಮುಂದೆ ನಾನು ಸುಮಾರು ಹೊತ್ತು ಕೂತೆ. ಅಂಡ್ಯುಲೇಟರಿನ ಸುತ್ತು ಎರಡು ಸಲವೂ 3.2 ಸೆಂಟಿಮೀಟರೇ. ಕ್ಯಾಲ್ಕುಲೇಟರ್ ತೆಗೆಯಿರಿ. 24ನ್ನು 43ರಿಂದ ಭಾಗಿಸಿ, ವರ್ಗ ಮಾಡಿ, 10.6ರಿಂದ ಗುಣಿಸಿ. 3.3 ಬರುತ್ತೆ. ಶಕ್ತಿಯ ಅಂಕಿಗಳು ದುಂಡು ಮಾಡಿದವು, ಅಷ್ಟು ವ್ಯತ್ಯಾಸ ಬಿಟ್ಟುಬಿಡಿ. ಪರಮಾಣು ಬದಲಾಯಿಸಿಲ್ಲ, ದ್ರಾವಣ ಬದಲಾಯಿಸಿಲ್ಲ, ಎಲೆಕ್ಟ್ರಾನನ್ನು ಇನ್ನಷ್ಟು ದೂಡಿದ್ದಾರೆ ಅಷ್ಟೇ, ಬೆಳಕಿನ ಅಲೆ ಮೂರನೇ ಒಂದು ಭಾಗಕ್ಕಿಂತಲೂ ಸಣ್ಣದಾಯಿತು. ಇನ್ನೊಂದು ಲೆಕ್ಕ: ಬಸ್ಸು ಹಕ್ಕಿಯ ಪಂದ್ಯದಲ್ಲಿ ಪ್ರತಿ 3.2 ಸೆಂಟಿಮೀಟರಿಗೆ ಎಲೆಕ್ಟ್ರಾನು ಹಿಂದೆ ಬಿದ್ದದ್ದು 3.4 ಮೈಕ್ರೋಮೀಟರ್. 5.2 ಮೀಟರಿಗೆ ಸುಮಾರು 160 ಸುತ್ತು. ಇಡೀ ಓಟದಲ್ಲಿ ಬೆಳಕಿನ ಎದುರು ಎಲೆಕ್ಟ್ರಾನು ಸೋತದ್ದು ಸುಮಾರು ಅರ್ಧ ಮಿಲಿಮೀಟರಿನಷ್ಟು!

ಇಷ್ಟು ಚೆನ್ನಾಗಿದ್ದರೆ ಜಗಳ ಯಾಕೆ ಬಂತು ಅಂತೀರಾ? ಶಕ್ತಿಯ ಕಿವಿ ಹಿಂಡೋದು ಹೇಳಿದಷ್ಟು ಸುಲಭ ಅಲ್ಲ. ಎಲೆಕ್ಟ್ರಾನಿನ ಶಕ್ತಿ ಬದಲಾದರೆ ದಾರಿಯುದ್ದಕ್ಕೂ ಅದನ್ನು ಬಗ್ಗಿಸುವ, ಹಿಡಿದು ಸಣ್ಣಗೆ ಮಾಡುವ ಅಷ್ಟೂ ಅಯಸ್ಕಾಂತಗಳನ್ನು ಮತ್ತೆ ಹೊಂದಿಸಬೇಕು. ಆ ಕೆಲಸ ಆಕ್ಸಿಲರೇಟರ್ ಆಪರೇಟರದ್ದು. ಬೆಳಕು ಬಳಸಲು ಬಂದ ರಸಾಯನಶಾಸ್ತ್ರದವರು, ಜೀವಶಾಸ್ತ್ರದವರು "ಸರ್, ಸ್ವಲ್ಪ ಈ ಕಡೆ" ಅಂತ ಫೋನ್ ಮಾಡಿ ಕಾಯಬೇಕು. ನಮ್ಮಲ್ಲಿ ಪ್ರೊಡಕ್ಷನ್ ಸರ್ವರಿನಲ್ಲಿ ಒಂದು ಸಾಲು ಬದಲಾಯಿಸಲು ಟಿಕೆಟ್ ಹಾಕಿ ಕಾದವರಿಗೆ ಈ ಸಂಕಟ ಗೊತ್ತು.

ಬಿಡುಗಡೆ ಬಂದಿದ್ದು ಎರಡನೇ ಕಿವಿಯಿಂದ. ಬರ್ಕ್ಲಿಯ ಕ್ಲಾಸ್ ಹಾಲ್ಬಾಕ್ ಅನ್ನೋ ವಿಜ್ಞಾನಿ ಸಮೇರಿಯಂ-ಕೋಬಾಲ್ಟಿನಂಥ ಶಾಶ್ವತ ಅಯಸ್ಕಾಂತದ ತುಂಡುಗಳನ್ನು ಒಂದು ವಿಶೇಷ ಕ್ರಮದಲ್ಲಿ ಜೋಡಿಸಿದರೆ ಬಲವಾದ ಅಂಡ್ಯುಲೇಟರ್ ಆಗುತ್ತೆ ಅಂತ 1980ರ ಆಸುಪಾಸಿನಲ್ಲಿ ತೋರಿಸಿಕೊಟ್ಟರು. ಕರೆಂಟ್ ಬೇಡ, ದ್ರವ ಹೀಲಿಯಂ ಬೇಡ. ಬಲ ಹೆಚ್ಚು ಕಡಿಮೆ ಮಾಡೋದು ಹೇಗೆ? ಮೇಲಿನ ಸಾಲು ಕೆಳಗಿನ ಸಾಲಿನ ನಡುವಿನ ಸಂದು ಹಿಗ್ಗಿಸಿದರೆ ಆಯಿತು. ದೂರ ಮಾಡಿದರೆ ಎಲೆಕ್ಟ್ರಾನಿಗೆ ತಗಲುವ ಬಲ ಕಡಿಮೆ, ಬಳುಕು ಕಡಿಮೆ, ತರಂಗದೂರ ಸಣ್ಣದು. ಹತ್ತಿರ ಮಾಡಿದರೆ ಉಲ್ಟಾ. ಮೋಟಾರಿನಿಂದ ಆಗೋ ಕೆಲಸ. ಎರಡು ಸಾಲುಗಳು ಒಂದನ್ನೊಂದು ಟನ್‌ಗಟ್ಟಲೆ ಬಲದಿಂದ ಎಳೀತಿರುತ್ತವೆ, ಅವನ್ನು ಮೈಕ್ರೋಮೀಟರ್ ಲೆಕ್ಕದಲ್ಲಿ ಸರಿಸಬೇಕು, ಎಂಜಿನಿಯರುಗಳಿಗೆ ತಲೆನೋವು ಕಮ್ಮಿ ಏನಲ್ಲ. ಆದರೆ ಆಕ್ಸಿಲರೇಟರನ್ನು ಮುಟ್ಟಬೇಕಾಗಿಲ್ಲ. ಕಿವಿ ಬಳಸುವವರ ಕೈಗೆ ಬಂತು.

ಇದನ್ನು ಚೆನ್ನಾಗಿ ಬಳಸಿಕೊಂಡವರು ನೆದರ್ಲೆಂಡ್ಸಿನ ಫೆಲಿಕ್ಸ್ ಕೇಂದ್ರದವರು. 1991ರಲ್ಲಿ ಮೊದಲ ಬೆಳಕು ಬಂತು. ಆಕ್ಸಿಲರೇಟರಿನ ಶಕ್ತಿ ಒಂದು ಕಡೆ ನಿಲ್ಲಿಸಿ, ಸಂದು ಮಾತ್ರ ಸರಿಸುತ್ತ ಕೆಲವೇ ನಿಮಿಷಗಳಲ್ಲಿ ತರಂಗದೂರವನ್ನು ದುಪ್ಪಟ್ಟಿನವರೆಗೂ ನಿರಂತರವಾಗಿ ಎಳೆಯಬಹುದು. ಅಣುಗಳ ಅವಕೆಂಪು ರೋಹಿತ ತೆಗೆಯುವವರಿಗೆ ಬೇಕಾಗಿದ್ದೇ ಇದು. ಪ್ರತಿ ಅಣುವೂ ತನ್ನದೇ ತರಂಗದೂರಗಳಲ್ಲಿ ಕುಣಿಯುತ್ತೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ಕಿವಿ ತಿರುಗಿಸುತ್ತ ಯಾವ ಯಾವ ಸ್ಟೇಶನ್ನಿನಲ್ಲಿ ಕುಣೀತು ಅಂತ ಬರೆದುಕೊಂಡರೆ ಅಣುವಿನ ಜಾತಕ ಸಿಗುತ್ತೆ.

ಇನ್ನೊಂದು ಕಡೆ, ರೇಗನ್ ಸಾಹೇಬರು 1983ರ ಮಾರ್ಚಿನಲ್ಲಿ ಸ್ಟಾರ್ ವಾರ್ಸ್ ಯೋಜನೆ ಘೋಷಿಸಿದ ಮೇಲೆ ಈ ಲೇಸರಿಗೆ ದುಡ್ಡಿನ ಹೊಳೆ ಹರಿಯಿತು. ನೆಲದಿಂದ ಹಾರಿಸಿ ಕ್ಷಿಪಣಿ ಸುಡಬೇಕಂತೆ. ಸುಡಲಿಲ್ಲ ಬಿಡಿ. ಆದರೆ ಶ್ರುತಿಯ ವಿಷಯದಲ್ಲಿ ಒಂದು ಚಂದದ ಪಾಠ ಆ ಕಾಲದಲ್ಲಿ ಸಿಕ್ಕಿತು. ಎಲೆಕ್ಟ್ರಾನು ಬೆಳಕಿಗೆ ಶಕ್ತಿ ಕೊಡುತ್ತ ಕೊಡುತ್ತ ತಾನು ನಿಧಾನವಾಗುತ್ತಲ್ಲ, ಆಗ ಶ್ರುತಿ ತಪ್ಪುತ್ತೆ. ಅದಕ್ಕೆ ಓಣಿಯ ಕೊನೆಯ ಕಡೆ ಹೋಗುತ್ತ ಅಯಸ್ಕಾಂತದ ಬಲವನ್ನೂ ತಗ್ಗಿಸುತ್ತ ಹೋದರೆ? ಕ್ರೋಲ್, ಮಾರ್ಟನ್, ರೋಸನ್‌ಬ್ಲೂತ್ ಮೂವರೂ ಸೇರಿ 1981ರಲ್ಲಿ ಇದರ ಸಿದ್ಧಾಂತ ಬರೆದರು. ಲಿವರ್‌ಮೋರ್ ಲ್ಯಾಬಿನವರು 1986ರಲ್ಲಿ 34.6 ಗಿಗಾಹರ್ಟ್ಸ್ ಮೈಕ್ರೋವೇವ್ ಮೇಲೆ ಮಾಡಿ ತೋರಿಸಿದರು. ಒಂದೇ ಬಲದ ಅಂಡ್ಯುಲೇಟರಿನಲ್ಲಿ ಎಲೆಕ್ಟ್ರಾನಿನ ಶಕ್ತಿಯಲ್ಲಿ ಸುಮಾರು 6% ಬೆಳಕಿನ ಕಡೆಗೆ ಹೋಗುತ್ತಿದ್ದರೆ, ಬಲ ತಗ್ಗಿಸುತ್ತ ಹೋದಾಗ 34% ಹೋಯಿತು. ತಂಬೂರಿ ಬಾರಿಸುತ್ತಲೇ ಬಿರಡೆ ತಿರುಗಿಸಿದ ಹಾಗೆ.

ಅದೇ ಸ್ಟಾರ್ ವಾರ್ಸ್ ದುಡ್ಡಿನ ಒಂದು ತುಣುಕು ವೈದ್ಯಕೀಯಕ್ಕೂ ಹೋಗಿತ್ತು. ಟೆನ್ನೆಸ್ಸಿಯ ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಒಂದು ಯಂತ್ರ ಕೂತಿತು. ಅಲ್ಲಿನವರು ಬೇರೆ ಬೇರೆ ತರಂಗದೂರಗಳಲ್ಲಿ ಅಂಗಾಂಶ ಕತ್ತರಿಸಿ ನೋಡುತ್ತ ಹೋದರು. 6.45 ಮೈಕ್ರೋಮೀಟರಿನಲ್ಲಿ ಸುತ್ತಲಿನ ಅಂಗಾಂಶಕ್ಕೆ ಬಹಳ ಕಡಿಮೆ ಹಾನಿಯಾಗಿ ಅಚ್ಚುಕಟ್ಟಾಗಿ ಕತ್ತರಿಸುತ್ತಿತ್ತು. ಅಲ್ಲಿ ನೀರಿನ ಜೊತೆಗೆ ಪ್ರೋಟೀನೂ ಬೆಳಕನ್ನು ಹೀರುತ್ತೆ. 1994ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂತು. 1999ರ ಡಿಸೆಂಬರಿನಲ್ಲಿ ಅಲ್ಲೇ ಮನುಷ್ಯನ ಮಿದುಳಿನ ಗೆಡ್ಡೆಯ ಶಸ್ತ್ರಚಿಕಿತ್ಸೆಗೂ ಇದನ್ನು ಬಳಸಿದರು. ಸಂಖ್ಯೆ ನೋಡಿ, 6.45. ಅಂಗಡಿಯಲ್ಲಿ ಕೊಳ್ಳುವ ಯಾವ ಲೇಸರೂ ಆಗ ಆ ಸ್ಟೇಶನ್ ಹಿಡೀತಿರಲಿಲ್ಲ. ಕಿವಿ ಇದ್ದ ಯಂತ್ರ ಇದ್ದಿದ್ದಕ್ಕೆ ಆ ಸಂಖ್ಯೆ ಸಿಕ್ಕಿತು. ಆಮೇಲೆ ವಾಂಡರ್‌ಬಿಲ್ಟ್ ಯಂತ್ರ ಮುಚ್ಚಿತು. ಕಟ್ಟಡದಷ್ಟು ದೊಡ್ಡ ಯಂತ್ರವನ್ನು ಪ್ರತಿ ಆಸ್ಪತ್ರೆಯಲ್ಲಿ ಇಡೋಕೆ ಆಗುತ್ತಾ?

ಮೇಡಿ ಕಥೆಗೆ ವಾಪಸ್ ಬರೋಣ, ಇದು ನಮ್ಮ ಕೆಲಸದವರು ತಿಳಿದುಕೊಂಡಿರಬೇಕಾದ ಭಾಗ. 1988ರಲ್ಲಿ ಅವರು ಸ್ಟ್ಯಾನ್‌ಫರ್ಡ್ ಬಿಟ್ಟು ತಮ್ಮ ಲ್ಯಾಬ್ ಸಮೇತ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೋದರು. ಸುಮಾರು ಹತ್ತು ವರ್ಷ ಅಲ್ಲಿನ ಮುಕ್ತ ಎಲೆಕ್ಟ್ರಾನ್ ಲೇಸರ್ ಲ್ಯಾಬಿನ ನಿರ್ದೇಶಕರು. ಆಮೇಲೆ ಮನಸ್ತಾಪ. ಲ್ಯಾಬನ್ನು ಸರಿಯಾಗಿ ನಡೆಸಲಿಲ್ಲ ಅಂತ ವಿಶ್ವವಿದ್ಯಾಲಯದ ವಾದ. ಒಂದು ಕೆಲಸಕ್ಕೆ ಅಂತ ಬಂದ ಸರ್ಕಾರದ ಹಣದ ಉಪಕರಣಗಳನ್ನು ಬೇರೆ ಕೆಲಸಕ್ಕೆ ಬಳಸಲು ನೋಡಿದರು ಅಂತ ಮೇಡಿ ವಾದ. 1997ರಲ್ಲಿ ನಿರ್ದೇಶಕ ಸ್ಥಾನದಿಂದ ತೆಗೆದರು, 1998ರಲ್ಲಿ ಅವರು ರಾಜೀನಾಮೆ ಕೊಟ್ಟು ಹವಾಯಿಗೆ ಹೊರಟರು. ಯಂತ್ರಗಳು ಅಲ್ಲೇ ಉಳಿದವು, ಅವು ನಡೀತಾನೂ ಇದ್ದವು. ಆದರೆ ಅದರಲ್ಲಿ ಕೆಲವಕ್ಕೆ ಸಂಬಂಧಪಟ್ಟ ಎರಡು ಪೇಟೆಂಟ್ ಮೇಡಿ ಹೆಸರಲ್ಲಿದ್ದವು! ಅವರು ಕೋರ್ಟಿಗೆ ಹೋದರು.

ವಿಶ್ವವಿದ್ಯಾಲಯದ ಕಡೆಯವರು ಹೇಳಿದ್ದು ನಮಗೂ ಸಹಜ ಅನ್ನಿಸುವ ಮಾತು: ನಾವು ವ್ಯಾಪಾರ ಮಾಡ್ತಿಲ್ಲ, ಸಂಶೋಧನೆ, ಪಾಠ ಅಷ್ಟೇ. ಕೆಳಗಿನ ಕೋರ್ಟು ಒಪ್ಪಿತು. 2002ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಸಂಶೋಧನೆ ಮಾಡೋದು, ಹುಡುಗರಿಗೆ ಕಲಿಸೋದು, ಅದರಿಂದ ಹೆಸರು ಮತ್ತು ಅನುದಾನ ತರೋದು, ಇದೇ ವಿಶ್ವವಿದ್ಯಾಲಯದ ಕಸುಬು. ಲಾಭ ಇರಲಿ ಇಲ್ಲದಿರಲಿ, ತನ್ನ ಕಸುಬಿಗಾಗಿ ಬಳಸಿದರೆ ಪ್ರಯೋಗದ ವಿನಾಯಿತಿ ಸಿಗಲ್ಲ ಅನ್ನೋ ಅರ್ಥದ ತೀರ್ಪು. 2003ರಲ್ಲಿ ಸುಪ್ರೀಂ ಕೋರ್ಟು ಕೈ ಹಾಕಲು ನಿರಾಕರಿಸಿತು. ಅಮೆರಿಕದ ಅಷ್ಟೂ ವಿಶ್ವವಿದ್ಯಾಲಯಗಳಿಗೆ ಬಿಸಿ ಮುಟ್ಟಿಸಿದ ಪ್ರಕರಣ ಇದು.

ಮೇಡಿ ಕಡೆ ನಿಲ್ಲಬೇಕೋ ಬೇಡವೋ ಅಂತ ನನಗೆ ಎರಡು ಮನಸ್ಸು. ಇಪ್ಪತ್ತು ಚಿಲ್ಲರೆ ವರ್ಷ ಕಟ್ಟಿದ ಯಂತ್ರದಿಂದ ಆಚೆ ಹಾಕಿಸಿಕೊಂಡವರ ಹೊಟ್ಟೆಕಿಚ್ಚು ನನಗೆ ಅರ್ಥ ಆಗುತ್ತೆ. ನಾವು ಬರೆದ ಕೋಡು ಕಂಪನಿಯದು ಅಂತ ಸಹಿ ಹಾಕಿಯೇ ನಾವು ಒಳಗೆ ಹೋಗಿರೋದು, ನಮಗೆ ಆ ಸೌಭಾಗ್ಯವೂ ಇಲ್ಲ :-) ಆದರೆ ಆ ತೀರ್ಪಿನ ಹೊಡೆತ ಬೀಳೋದು ಡ್ಯೂಕ್ ಮೇಲಲ್ಲ, ಲ್ಯಾಬಿನ ಮೂಲೆಯಲ್ಲಿ ಕೂತು ಯಾವುದೋ ಪೇಟೆಂಟಿನ ಉಪಕರಣ ತಿರುಗಿಸುವ ವಿದ್ಯಾರ್ಥಿಯ ಮೇಲೆ. ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆ ಈ ವಿಷಯದಲ್ಲಿ ಹೆಚ್ಚು ಉದಾರ. ಅದರ 47ನೇ ಸೆಕ್ಷನ್ನಿನಲ್ಲಿ ಪ್ರಯೋಗಕ್ಕೆ, ಸಂಶೋಧನೆಗೆ, ವಿದ್ಯಾರ್ಥಿಗಳಿಗೆ ಕಲಿಸುವುದಕ್ಕೆ ಬಳಸಬಹುದು ಅಂತ ಬರೆದೇ ಇದೆ. ಈ ಒಂದು ವಿಷಯದಲ್ಲಿ ನಮ್ಮವರದ್ದೇ ಸರಿ ಅಂತ ನನ್ನ ಅಭಿಪ್ರಾಯ. ಮೇಡಿ 2016ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಆಟ ಎಕ್ಸ್-ರೇ ಕಡೆ ಹೋಗಿತ್ತು. ಅಲ್ಲಿ ಇನ್ನೊಂದು ತೊಡಕು. ಎಕ್ಸ್-ರೇಯನ್ನು ಹಿಂದೆ ಮುಂದೆ ಪುಟಿಸಲು ಮಾಮೂಲಿ ಕನ್ನಡಿ ಇಲ್ಲ. ಕನ್ನಡಿಯೇ ಬೇಡ, ಓಣಿಯನ್ನೇ ಬಹಳ ಉದ್ದ ಮಾಡಿದರೆ ಎಲೆಕ್ಟ್ರಾನುಗಳು ತಾವು ಸೂಸಿದ ಬೆಳಕಿಗೇ ತಾಳ ಹಾಕುತ್ತ ಸಾಲುಗಟ್ಟುತ್ತವೆ ಅಂತ ಕೊಂಡ್ರಾಟೆಂಕೊ ಮತ್ತು ಸಾಲ್ಡಿನ್ 1980ರಲ್ಲಿ, ಬೊನಿಫಾಸಿಯೊ, ಪೆಲ್ಲೆಗ್ರಿನಿ, ನಾರ್ದುಚ್ಚಿ 1984ರಲ್ಲಿ ಬರೆದರು. ಸ್ಟ್ಯಾನ್‌ಫರ್ಡಿನ ಹಳೇ 3.2 ಕಿಲೋಮೀಟರ್ ಆಕ್ಸಿಲರೇಟರ್ ಇದೆಯಲ್ಲ, ಅದನ್ನೇ ಬಳಸೋಣ ಅಂತ ಪೆಲ್ಲೆಗ್ರಿನಿ 1992ರಲ್ಲಿ ಸಲಹೆ ಕೊಟ್ಟರು. ಅದೇ ಎಲ್‌ಸಿಎಲ್‌ಎಸ್ ಆಗಿ 2009ರ ಏಪ್ರಿಲ್ 10ರಂದು 1.5 ಆಂಗ್‌ಸ್ಟ್ರಾಂ ತರಂಗದೂರದಲ್ಲಿ ಬೆಳಗಿತು. ಎಲೆಕ್ಟ್ರಾನಿನ ಶಕ್ತಿ 13.6 ಜಿಇವಿ, ಅಂಡ್ಯುಲೇಟರಿನ ಸುತ್ತು 3 ಸೆಂಟಿಮೀಟರ್. ಮೇಡಿಯ ಮೊದಲ ಯಂತ್ರದ 3.2 ಸೆಂಟಿಮೀಟರಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಗಮನಿಸಿ. ಮೈಕ್ರೋಮೀಟರಿನಿಂದ ಪರಮಾಣುವಿನ ಗಾತ್ರಕ್ಕೆ ಇಳಿಸಿದ್ದು ಆ ಶಕ್ತಿಯ ವರ್ಗ.

ಆದರೆ ತಮಾಷೆ ಏನು ಗೊತ್ತಾ, ಇಷ್ಟು ದೊಡ್ಡ ಯಂತ್ರದಲ್ಲಿ ಎರಡನೇ ಕಿವಿಯನ್ನು ಬಿಟ್ಟೇಬಿಟ್ಟರು! 33 ಅಂಡ್ಯುಲೇಟರುಗಳ ಸಂದೂ ಹಿಗ್ಗದು ಕುಗ್ಗದು, 6.8 ಮಿಲಿಮೀಟರಿಗೆ ಗಟ್ಟಿ. ಇಷ್ಟೂ ಅಂಡ್ಯುಲೇಟರುಗಳು ಹತ್ತು ಸಾವಿರದಲ್ಲಿ ಒಂದರ ಆಸುಪಾಸಿನಷ್ಟು ಕರಾರುವಾಕ್ಕಾಗಿ ಒಂದಕ್ಕೊಂದು ಹೊಂದಬೇಕು, ಅಲುಗಾಡುವ ಭಾಗ ಕಡಿಮೆ ಇದ್ದಷ್ಟೂ ಕ್ಷೇಮ. ಸಣ್ಣ ತಿದ್ದುಪಡಿಗೆ ಒಂದು ಜಾಣ ಉಪಾಯ ಮಾಡಿದ್ದರು. ಮೇಲಿನ ಕೆಳಗಿನ ಸಾಲುಗಳನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸಿ, ಇಡೀ ಅಂಡ್ಯುಲೇಟರನ್ನೇ ಅಡ್ಡಕ್ಕೆ ಸರಿಸಿದರೆ ಬಲ ಚೂರೇ ಚೂರು ಬದಲಾಗುವ ಹಾಗೆ. ದೊಡ್ಡ ಬದಲಾವಣೆ ಬೇಕಿದ್ದರೆ ಮತ್ತೆ ಆಪರೇಟರಿಗೇ ಫೋನು. 13.6ರಿಂದ 4.3 ಜಿಇವಿಗೆ ಇಳಿಸಿದರೆ ವರ್ಗದ ಲೆಕ್ಕದಲ್ಲಿ 10 ಪಟ್ಟು, ಅಂದರೆ ಸುಮಾರು 15 ಆಂಗ್‌ಸ್ಟ್ರಾಂ.

ಹ್ಯಾಂಬರ್ಗಿನ ಫ್ಲ್ಯಾಶ್ ಯಂತ್ರದ್ದೂ ಇದೇ ಕಥೆ. 2005ರಲ್ಲಿ ಬಳಕೆದಾರರಿಗೆ ಬಾಗಿಲು ತೆರೆದಾಗ ಅದರ ಅಂಡ್ಯುಲೇಟರುಗಳ ಸಂದೂ ಸ್ಥಿರ. ಅದರ ಪಕ್ಕಕ್ಕೆ ಎರಡನೇ ಸಾಲು ಸೇರಿಸುವಾಗ ಕಷ್ಟ ಗೊತ್ತಾಯಿತು. ಒಂದೇ ಆಕ್ಸಿಲರೇಟರ್, ಇಬ್ಬರು ಬಳಕೆದಾರರು. ಒಬ್ಬರಿಗೆ ಬೇಕು ಅಂತ ಶಕ್ತಿ ಬದಲಾಯಿಸಿದರೆ ಇನ್ನೊಬ್ಬರ ಬಣ್ಣವೂ ಬದಲಾಗುತ್ತೆ. ಒಂದೇ ಟಿವಿ ಇರುವ ಮನೆಯಲ್ಲಿ ಕ್ರಿಕೆಟ್ಟೂ ಧಾರಾವಾಹಿಯೂ ಒಂದೇ ಹೊತ್ತಿಗೆ ಬಂದ ಹಾಗೆ. ಅದಕ್ಕೆ ಎರಡನೇ ಸಾಲಿಗೆ ಸಂದು ಸರಿಸಬಹುದಾದ ಅಂಡ್ಯುಲೇಟರ್ ಹಾಕಿದರು. 2014ರಲ್ಲಿ ಮೊದಲ ಸಾಲು ನಡೀತಿರುವಾಗಲೇ ಎರಡನೆಯದೂ ಬೆಳಗಿತು.

ಜಪಾನಿನವರು ಮೊದಲೇ ಜಾಣರಾಗಿದ್ದರು. 2011ರಲ್ಲಿ ಶುರುವಾದ ಸಾಕ್ಲಾದಲ್ಲಿ ಅಯಸ್ಕಾಂತಗಳನ್ನು ನಿರ್ವಾತದ ಕೊಳವೆಯ ಒಳಗೇ ಇಟ್ಟು, ಸುತ್ತನ್ನು 18 ಮಿಲಿಮೀಟರಿಗೆ ಇಳಿಸಿ, ಸಂದನ್ನೂ ಸರಿಸುವಂತೆ ಮಾಡಿದರು. ಸುತ್ತು ಚಿಕ್ಕದಾದ್ದರಿಂದ 8 ಜಿಇವಿಯಲ್ಲೇ ಎಕ್ಸ್-ರೇ ಬಂತು, ಕಟ್ಟಡವೂ ಚಿಕ್ಕದಾಯಿತು. ಇನ್ನೊಂದು ಲಾಭ 2013ರಲ್ಲಿ ಕಾಣಿಸಿತು. ಅಂಡ್ಯುಲೇಟರ್ ಸಾಲನ್ನು ಎರಡು ಭಾಗ ಮಾಡಿ, ಮೊದಲ ಭಾಗಕ್ಕೆ ಒಂದು ಸಂದು, ಎರಡನೆಯದಕ್ಕೆ ಇನ್ನೊಂದು. ಅದೇ ಎಲೆಕ್ಟ್ರಾನುಗಳಿಂದ ಎರಡು ಬೇರೆ ತರಂಗದೂರದ ಎಕ್ಸ್-ರೇ! ಒಂದೇ ರೇಡಿಯೋದಲ್ಲಿ ಒಟ್ಟಿಗೆ ಧಾರವಾಡವೂ ಭದ್ರಾವತಿಯೂ. 2017ರಲ್ಲಿ ಶುರುವಾದ ಹ್ಯಾಂಬರ್ಗಿನ ಯುರೋಪಿಯನ್ ಎಕ್ಸ್‌ಎಫ್‌ಇಎಲ್, 3.4 ಕಿಲೋಮೀಟರ್ ಉದ್ದದ್ದು, ಅದೂ ಸಂದು ಸರಿಸುವ ದಾರಿಯನ್ನೇ ಹಿಡಿಯಿತು. ಕೊನೆಗೆ ಸ್ಟ್ಯಾನ್‌ಫರ್ಡಿನವರೂ ಹಳೇ ಗಟ್ಟಿ ಅಂಡ್ಯುಲೇಟರುಗಳನ್ನು ಕಿತ್ತು ಹಾಕಿ ಸರಿಸಬಹುದಾದವನ್ನು ಕೂರಿಸಿದರು. 2020ರಲ್ಲಿ ಅದರಿಂದ ಎಕ್ಸ್-ರೇ ಬಂತು, 2023ರ ಸೆಪ್ಟೆಂಬರಿನಲ್ಲಿ ಹೊಸ ಸೂಪರ್‌ಕಂಡಕ್ಟಿಂಗ್ ಆಕ್ಸಿಲರೇಟರಿನಿಂದಲೂ ಬಂತು.

ನಮ್ಮಲ್ಲಿ ಇದೆಯಾ ಅಂತ ಕೇಳೋರಿಗೆ: ಇದೆ, ಇಂದೋರಿನಲ್ಲಿ. ಆಕ್ಸಿಲರೇಟರ್ ಮತ್ತು ಲೇಸರ್ ಎರಡಕ್ಕೂ ಅಂತಲೇ 1984ರಲ್ಲಿ ಅಡಿಗಲ್ಲು ಹಾಕಿದ ಕೇಂದ್ರ ಅದು. 2005ರ ಡಿಸೆಂಬರಿನಲ್ಲಿ ಅದಕ್ಕೆ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರ ಅಂತ ಹೆಸರಿಟ್ಟರು. ಹೌದು, ನಮ್ಮ ತುಮಕೂರಿನಲ್ಲಿ ಹುಟ್ಟಿದ, ಪಿಯಾನೋ ನುಡಿಸುತ್ತಿದ್ದ ರಾಮಣ್ಣನವರೇ. ಶ್ರುತಿಯ ವಿಷಯ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿನ ಅವಕೆಂಪು ಮುಕ್ತ ಎಲೆಕ್ಟ್ರಾನ್ ಲೇಸರನ್ನು 12.5ರಿಂದ 50 ಮೈಕ್ರೋಮೀಟರ್ ವ್ಯಾಪ್ತಿಗೆ ಅಂತ ವಿನ್ಯಾಸ ಮಾಡಿದ್ದಾರೆ. ಎಲೆಕ್ಟ್ರಾನಿನ ಶಕ್ತಿ 15ರಿಂದ 25 ಎಂಇವಿ, ಅಂದರೆ ಮೇಡಿ 1976ರಲ್ಲಿ ಹಿಡಿದ 24ರ ಅಕ್ಕಪಕ್ಕವೇ. ಈಗ ಕ್ಯಾಲ್ಕುಲೇಟರ್ ಇನ್ನೂ ಕೈಯಲ್ಲಿದ್ದರೆ ನೋಡಿ: 25ರಿಂದ 15ಕ್ಕೆ ಶಕ್ತಿ ಇಳಿಸಿದರೆ ವರ್ಗದ ಲೆಕ್ಕದಲ್ಲಿ ತರಂಗದೂರ 2.8 ಪಟ್ಟು ಮಾತ್ರ ಹಿಗ್ಗುತ್ತೆ, 12.5 ಹೋಗಿ ಸುಮಾರು 35 ಆಗುತ್ತೆ. ಮಿಕ್ಕಿದ್ದು, 35ರಿಂದ 50ರವರೆಗಿನದು, ಅಂಡ್ಯುಲೇಟರಿನ ಕಡೆಯಿಂದ ಬರಬೇಕು. ಇಂದೋರಿನಲ್ಲಿ ಕೆಲಸ ಮಾಡಿದವರು, ಅಲ್ಲಿಗೆ ಸ್ಯಾಂಪಲ್ ತೆಗೆದುಕೊಂಡು ಹೋದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಆ ಎರಡನೇ ಕಿವಿ ಅಲ್ಲಿ ಯಾರ ಕೈಯಲ್ಲಿರುತ್ತೆ ಅಂತ ಎರಡು ಸಾಲು ಬರೆದು ತಿಳಿಸಿ.